ಕೆಂಪಾಜಮ್ಮ ಕೇಳಿದ ಬೆಣೆ

ನಮ್ಮೂರಿನಲ್ಲಿ ಹೆಂಗಸೊಬ್ಬಳು ಬಸುರಾದರೆ ಅದು ಮೊದಲು ಗೊತ್ತಾಗುವುದು ಮನೆಯ ತಲೆಬಾಗಿಲಿಗೆ. ಆಮೇಲೆ ಆಚಾರಿಗೆ, ಆಮೇಲೆ ಊರಿಗೆ. ಗಂಡನಿಗೆ ಯಾವಾಗ ಗೊತ್ತಾಗುತ್ತದೆ ಎನ್ನುವುದು ಅವನವನ ಹಣೆಬರಹ. ಒಂದು ಬೆಳಿಗ್ಗೆ ಕದ ಚೌಕಟ್ಟಿನಿಂದ ಒಂದು ಗೇಣು ಈಚೆಗೇ ನಿಂತುಬಿಡುತ್ತದೆ. ಪೂರ್ತಿ ತೆರೆಯಲು ಬರುತ್ತದೆ, ಪೂರ್ತಿ ಮುಚ್ಚಲು ಬರುವುದಿಲ್ಲ. ಹೆಗಲು ಕೊಟ್ಟು ದೂಡಿದರೂ ಅಷ್ಟೇ, ಎತ್ತು ಕಟ್ಟಿ ಎಳೆದರೂ ಅಷ್ಟೇ. ಹೆರಿಗೆಯಾಗಿ ಮಗು ಅತ್ತ ಮೇಲೋ, ಬಸುರು ನಿಲ್ಲದೆ ಹೋದ ದಿನವೋ ಅದು ಮತ್ತೆ ಎಲ್ಲ ಬಾಗಿಲುಗಳ ಹಾಗೆ ಮುಚ್ಚಿಕೊಳ್ಳುತ್ತದೆ.

ಊರು ಇದಕ್ಕೆ ತಕ್ಕಂತೆ ಒಗ್ಗಿಕೊಂಡಿದೆ. ಮದುವೆಯಲ್ಲಿ ತವರಿನವರು ಪಾತ್ರೆಪಗಡದ ಜೊತೆಗೆ ದಪ್ಪನೆಯದೊಂದು ಬಾಗಿಲ ಪರದೆಯನ್ನೂ ಕೊಡುತ್ತಾರೆ. ನಾಯಿ, ಕೋಳಿ ಒಳಗೆ ನುಗ್ಗದಂತೆ ಮೊಳಕಾಲೆತ್ತರದ ಅಡ್ಡಹಲಗೆಯನ್ನು ನಾನು ಮಾಡಿಕೊಡುತ್ತೇನೆ. ನಮ್ಮೂರ ಕಳ್ಳರೂ ಒಂದು ರೀತಿಯಲ್ಲಿ ಮರ್ಯಾದಸ್ಥರು. ಬೀಗ ಒಡೆಯುತ್ತಾರೆಯೇ ಹೊರತು ತೆರೆದ ಬಾಗಿಲಿನ ಮನೆಗೆ ಕಾಲಿಡುವುದಿಲ್ಲ. ಚಳಿಗಾಲದಲ್ಲಿ ಬಸುರಿಯರಿರುವ ಮನೆಯವರೆಲ್ಲ ಮೂಗು ಸೋರಿಸಿಕೊಂಡು ಓಡಾಡುತ್ತಾರೆ.

ಕದ ನಿಂತಿತು ಎಂದೊಡನೆ ಯಾರೂ ಪಾಯಸಕ್ಕೆ ಇಡುವುದಿಲ್ಲ. ಮರವೂ ಉಬ್ಬುತ್ತದಲ್ಲ. ಅದಕ್ಕೇ ಮೊದಲು ಆಚಾರಿಯನ್ನು ಕರೆಸುತ್ತಾರೆ. ನಮ್ಮಪ್ಪ ಈ ಕೆಲಸ ಮಾಡುತ್ತಿದ್ದರು, ಈಗ ನಾನು ಮಾಡುತ್ತೇನೆ. ನನ್ನ ಹೆಸರು ಕಾಳಾಚಾರಿ. ಹೋಗಿ ಕದದ ಅಂಚಿಗೆ ಉಜ್ಜುಗೊರಡು ಹಾಕುತ್ತೇನೆ, ಕೀಲಿಗೆ ಎಣ್ಣೆ ಬಿಡುತ್ತೇನೆ, ದೂಡಿ ನೋಡುತ್ತೇನೆ. ಆಗಲೂ ಮುಚ್ಚದಿದ್ದರೆ ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡು, “ಮರದ್ದೇನೂ ಇಲ್ಲ ತಾಯಿ” ಎನ್ನುತ್ತೇನೆ. ಅಷ್ಟು ಅಂದರೆ ಸಾಕು, ಬೀದಿಯ ಹೆಂಗಸರೆಲ್ಲ ಒಳಗೆ. ನನಗೆ ಒಂದು ಅಚ್ಚು ಬೆಲ್ಲ, ಒಂದು ತೆಂಗಿನಕಾಯಿ.

ಅಂದೇ ಕಾವಲು ಶುರುವಾಗುತ್ತದೆ. ಬೀಗ ಹಾಕಲಾಗದ ಮನೆಯಲ್ಲಿ ಬಸುರಿಯನ್ನು ಒಂಟಿಯಾಗಿ ಬಿಡಬಾರದು ಎಂದು ಹಿಂದಿನವರು ಮಾಡಿದ ಏರ್ಪಾಡು ಅದು. ಕೇರಿಯ ಹೆಂಗಸರು ಸರದಿಯ ಮೇಲೆ ಜಗಲಿಯಲ್ಲಿ ಕೂರುತ್ತಾರೆ, ಸಾರು ತರುತ್ತಾರೆ, ಮಕ್ಕಳ ತಲೆ ಬಾಚುತ್ತಾರೆ. ಬಸುರಿ ಹೊಸ್ತಿಲು ದಾಟಬೇಕಾದರೆ ಕಾವಲಿನವರಲ್ಲಿ ಒಬ್ಬಳು ಜೊತೆಗೆ ಹೋಗಬೇಕು. ಒಳ್ಳೆಯ ಮನಸ್ಸಿನಿಂದ ಹುಟ್ಟಿದ್ದೇ ಸರಿ. ಬೇಲಿ ಹಾಕುವವನೂ ಗಿಡದ ಒಳ್ಳೆಯದಕ್ಕೇ ಹಾಕುತ್ತಾನೆ.

ಆ ವರ್ಷ ಬೇಸಗೆ ಕಳೆಯುತ್ತಿದ್ದಂತೆ ದೇವೀರಿಯ ಬಾಗಿಲು ನಿಂತಿತು. ದೇವೀರಿ ನಮ್ಮ ಹಿಂದಿನ ಬೀದಿಯ ಚಿಕ್ಕತಾಯಮ್ಮನ ಸೊಸೆ. ಗಂಡ ಸಿದ್ದರಾಜು ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ತಾಯಿ ಕೆಮ್ಮಿದರೆ ಗಾಡಿ ನಿಲ್ಲಿಸುವಂಥ ಹುಡುಗ. ಇಬ್ಬರು ಮಕ್ಕಳಿದ್ದರು, ಒಂದು ಗಂಡು, ಒಂದು ಹೆಣ್ಣು. ಎರಡನೆಯ ಹೆರಿಗೆಯಲ್ಲಿ ದೇವೀರಿ ಸತ್ತು ಬದುಕಿದವಳು. ಕಂಬಳಿಯ ಮೇಲೆ ಕಂಬಳಿ ರಕ್ತದಲ್ಲಿ ನೆನೆದುಹೋಗಿ, ಹೊಳೆಯಾಚೆಯ ಆಸ್ಪತ್ರೆಗೆ ಇದೇ ಆಟೋದಲ್ಲಿ ಮಲಗಿಸಿಕೊಂಡು ಹೋಗಿದ್ದರು. ಅಲ್ಲಿಯ ಡಾಕ್ಟ್ರಮ್ಮ, ಇನ್ನೊಂದು ಬಸುರು ನಿನ್ನ ಮೈಗೆ ಆಗುವುದಿಲ್ಲ, ಹಾಗೇನಾದರೂ ಆಗಿ ನಿನಗೆ ಬೇಡ ಅನ್ನಿಸಿದರೆ ತಡಮಾಡದೆ ಬಾ ಎಂದು ಹೇಳಿ ಕಳಿಸಿದ್ದರಂತೆ.

ನಾನು ಹೋದಾಗ ಚಿಕ್ಕತಾಯಮ್ಮ ಬಾಗಿಲಲ್ಲೇ ನಿಂತಿದ್ದಳು. ನಾನು ಉಜ್ಜಿದೆ, ಎಣ್ಣೆ ಬಿಟ್ಟೆ, ದೂಡಿದೆ. ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡು ಹೇಳಬೇಕಾದ್ದನ್ನು ಹೇಳಿದೆ. ಅತ್ತೆಯ ಮುಖ ಅರಳಿತು. ಸೊಸೆ ಒಳಗೆ ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಟ್ಟು, ಬೀದಿಯ ಹೆಂಗಸರು ಬಂದು ಸೇರುವಷ್ಟರಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು: “ನಂಗಿದು ಬ್ಯಾಡ. ಆಸ್ಪತ್ರೆಗೆ ಹೋಯ್ತೀನಿ. ಯಾರಾದ್ರೂ ಒಬ್ಬರು ಜೊತೇಲಿ ಬನ್ನಿ.”

ಯಾರೂ ಮುಂದೆ ಬರಲಿಲ್ಲ. ನನ್ನ ಕೈಯಲ್ಲಿ ಬೆಲ್ಲದ ಅಚ್ಚು ಇತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡು ಬಂದೆ.

ಬೇಡವೆಂದವರು ನಮ್ಮೂರಿನಲ್ಲಿ ಅವಳೊಬ್ಬಳೇ ಅಲ್ಲ. ಹಿಂದೆಯೂ ಎಷ್ಟೋ ಬಾಗಿಲುಗಳು ಹೊತ್ತಿಗೆ ಮುಂಚೆ ಮುಚ್ಚಿದ್ದವು. ಜಾರಿ ಬಿದ್ದಳು, ಉಷ್ಣವಾಯಿತು, ಪರಂಗಿ ಹಣ್ಣು ತಿಂದಳು ಎಂದು ಊರು ಕಣ್ಣು ಮುಚ್ಚಿಕೊಂಡಿತ್ತು. ಬಾಗಿಲಲ್ಲಿ ನಿಂತು ಬಾಯಿಬಿಟ್ಟು ಹೇಳಿದವಳು ಮಾತ್ರ ಇವಳೇ ಮೊದಲು. ಊರಿಗೆ ನುಂಗಲಾಗದ್ದು ಅದೇ.

ಮಾತೆಲ್ಲ ನನ್ನ ಅಂಗಡಿಯಲ್ಲೇ ಆಗುತ್ತಿತ್ತು. ಕೂರಲು ದಿಮ್ಮಿಗಳಿವೆ, ಬೀಡಿಗೆ ಬೆಂಕಿಯಿದೆ. ಕೇರಿಯ ಯಜಮಾನ ಬೋರಲಿಂಗಯ್ಯ ಹೇಳುತ್ತಿದ್ದ: “ಬಾಗಿಲು ತೆರೆದದ್ದು ನಾವಲ್ಲ, ಅವಳೂ ಅಲ್ಲ. ತಾನಾಗಿ ತೆರೆದದ್ದು ತಾನಾಗೇ ಮುಚ್ಚಬೇಕು. ಒಳಗೆ ಬರೋದಕ್ಕೆ ಒಂದು ಜೀವ ಹೊಸ್ತಿಲಲ್ಲಿ ನಿಂತದೆ. ಮುಖದ ಮೇಲೆ ಕದ ಹಾಕಾಕಾಯ್ತದಾ?” ನಿವೃತ್ತರಾಗಿದ್ದ ಹಿರಣ್ಣಯ್ಯ ಮೇಷ್ಟ್ರು ಒಪ್ಪುತ್ತಿರಲಿಲ್ಲ. “ಒಳಗಿರೋಳು ಅವಳು ಕಣಯ್ಯ. ಗಾಳಿ ಬಡಿಯೋದು ಅವಳಿಗೆ, ಚಳಿ ಕೊರೆಯೋದು ಅವಳಿಗೆ, ಸತ್ರೆ ಸಾಯೋಳೂ ಅವಳೇ. ತೀರ್ಮಾನ ಬೋರಲಿಂಗಯ್ಯಂದು ಹೆಂಗಾಗ್ತದೆ? ಅದು ಅವಳ ಹಕ್ಕು.” ಮೇಷ್ಟ್ರ ಮಾತು ನನಗೆ ಹಿಡಿಸಿತು. ಆದರೆ ಅವರ ಮನೆಯ ಕದಕ್ಕೆ ಉಜ್ಜುಗೊರಡು ಹಿಡಿಯಲು ನಾನೇ ಐದು ಸಲ ಹೋಗಿದ್ದೆ. ಅವರ ಹೆಂಡತಿಯನ್ನು ಯಾರಾದರೂ ಏನಾದರೂ ಕೇಳಿದ್ದನ್ನು ಕಂಡವನಲ್ಲ. ನಾನು ಯಾವ ಕಡೆಗೂ ಮಾತಾಡಲಿಲ್ಲ. ಆಚಾರಿಗೆ ಎರಡೂ ಕಡೆಯವರ ಬಾಗಿಲು ಬೇಕು.

ಕೊನೆಗೆ ಹತ್ತಿ ಗೋದಾಮಿನಲ್ಲಿ ಸಭೆ ಸೇರಿಸಿದರು. ಎರಡೂ ಪಕ್ಷದವರು ಚೆನ್ನಾಗಿ ಮಾತಾಡಿದರು. ಮೇಷ್ಟ್ರು ಸಂವಿಧಾನ ಅಂದರು, ಬೋರಲಿಂಗಯ್ಯ ಸಂಪ್ರದಾಯ ಅಂದ. ಯಾರೋ ಒಬ್ಬ, ಪ್ರಾಣಕ್ಕೆ ಅಪಾಯವಿದ್ದರೆ ಹೋಗಲಿ, ಸುಮ್ಮಸುಮ್ಮನೆ ಆದರೆ ಬೇಡ ಎಂದು ನಡುದಾರಿ ಹಿಡಿದ. ಅಪಾಯ ಎಷ್ಟಿದ್ದರೆ ಅಪಾಯ ಎಂದು ಇನ್ನೊಬ್ಬ ಕೇಳಿದ. ಮಂಡಕ್ಕಿ, ಚಹಾ ಬಂತು. ದೇವೀರಿಯನ್ನು ಕರೆಸಬೇಕಲ್ಲವೇ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅವಳು ಬರುವಂತಿರಲಿಲ್ಲ. ಜೊತೆಗೆ ಬರಬೇಕಾದ ಕಾವಲಿನ ಹೆಂಗಸರೆಲ್ಲ ಸಭೆ ನೋಡಲು ಗೋದಾಮಿನ ಕಿಟಕಿಗಳಲ್ಲಿ ನೇತುಬಿದ್ದಿದ್ದರು, ಕೆಂಪಾಜಮ್ಮ ಒಬ್ಬಳನ್ನು ಬಿಟ್ಟು.

ಈ ಕೆಂಪಾಜಮ್ಮನ ವಿಷಯ ಹೇಳಬೇಕು. ಐವತ್ತರ ಹತ್ತಿರದ ಹೆಂಗಸು, ಮರಿಯಪ್ಪನ ಹೆಂಡತಿ. ಅವಳ ಮನೆಯ ಬಾಗಿಲು ಒಂದು ಸಲವೂ ನಿಂತದ್ದಲ್ಲ. ಮದುವೆಯಾದ ಹೊಸದರಲ್ಲಿ ಊರವರು ಕೇಳದ ಪ್ರಶ್ನೆಯಿಲ್ಲ, ಕುಡಿಸದ ಕಷಾಯವಿಲ್ಲ. ಒಂದು ಮಳೆಗಾಲ, ಕದವನ್ನೇ ಕಿತ್ತಿಟ್ಟರೆ ಬಸುರು ನಿಲ್ಲುತ್ತದೆ ಎಂದು ಯಾರೋ ಹೇಳಿದರು. ನಮ್ಮಪ್ಪನೇ ಹೋಗಿ ಕಿತ್ತು ಬಂದರು. ಆ ಮಳೆಗಾಲವಿಡೀ ಅವಳು ಬಾಗಿಲಿಗೆ ಒಂದು ಹಳೆಯ ಸೀರೆ ಇಳಿಬಿಟ್ಟುಕೊಂಡು ಬದುಕಿದಳು. ಹೋಗಿಬರುವವರೆಲ್ಲ ಸೀರೆ ಸರಿಸಿ, ಆಯ್ತಾ ಎಂದು ಕೇಳುತ್ತಿದ್ದರು. ಆಗಲಿಲ್ಲ. ಆ ಕದವನ್ನು ತಿರುಗಿ ಕೂರಿಸಿದ್ದು ನಾನು, ಕೆಲಸ ಕಲಿತ ಮೊದಲ ವರ್ಷದಲ್ಲಿ. ಅಂದಿನಿಂದ ಅವಳು ಊರಿನ ಪ್ರತಿ ತೆರೆದ ಬಾಗಿಲಿಗೂ ಕಾವಲು ಕೂರುತ್ತಾಳೆ. ಯಾರ ಜಗಲಿಯಲ್ಲಿ ಯಾವ ಕಲ್ಲು ತಣ್ಣಗಿರುತ್ತದೆ ಎನ್ನುವುದೂ ಅವಳಿಗೆ ಗೊತ್ತು. ಕಾವಲಿನ ಮಟ್ಟಿಗೆ ಅವಳ ಮಾತೇ ಮಾತು, ಅವಳಷ್ಟು ಬಿಗಿ ಯಾರೂ ಇಲ್ಲ.

ಸಭೆಯ ದಿನ ನಾನು ದೇವೀರಿಯ ಮನೆಯಲ್ಲಿ ಪರದೆಯ ಕೋಲು ಕೂರಿಸುತ್ತಿದ್ದೆ. ಸಭೆಯಲ್ಲಿ ಅರ್ಧ ಕೂತು ಎದ್ದು ಬಂದಿದ್ದೆ. ಕೆಂಪಾಜಮ್ಮ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ದೇವೀರಿ ಹೊಸ್ತಿಲ ಒಳಗೆ ಕೂತು ಮಗಳಿಗೆ ಜಡೆ ಹಾಕುತ್ತಿದ್ದಳು. ಅಲ್ಲಿ ಏನಾಯಿತು ಎಂದು ನನ್ನನ್ನು ಕೇಳಿದಳು.

“ಮುಂದಿನ ವಾರಕ್ಕೆ ಹಾಕೋ ಮಾತಾಡ್ತಾವ್ರೆ ಕಣವ್ವ” ಎಂದೆ.

“ಸಭೆ ಮುಂದಕ್ಕೆ ಹಾಕ್ಬೋದು ಆಚಾರಣ್ಣ. ಹೊಟ್ಟೆ ಮುಂದಕ್ಕೆ ಹಾಕಾಕಾಯ್ತದಾ?” ಎಂದಳು. ಕೋಪವಿರಲಿಲ್ಲ, ಸುಮ್ಮನೆ ಕೇಳಿದ ಹಾಗಿತ್ತು.

ಅಡುಗೆಮನೆಯಿಂದ ಚಿಕ್ಕತಾಯಮ್ಮ ಗೊಣಗಿದಳು: “ನನ್ನ ಬಾಗ್ಲು ಏಳು ಸಲ ತೆರೀತು. ನಾಕು ಮಣ್ಣು ಮಾಡ್ದೆ. ನನ್ನ ಯಾರು ಕೇಳಿದ್ರು, ಬೇಕಾ ಬ್ಯಾಡವಾ ಅಂತ?” ಅದು ಸೊಸೆಯನ್ನು ಬೈದದ್ದೋ, ಬೇರೆ ಯಾರನ್ನೋ ಬೈದದ್ದೋ ನನಗೆ ತಿಳಿಯಲಿಲ್ಲ. ಆಕೆಗೂ ತಿಳಿದಿತ್ತೆಂದು ಹೇಳಲಾರೆ. ಬಿಂದಿಗೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಆಕೆ ಅತ್ತ ಹೋದದ್ದೇ, ಕೆಂಪಾಜಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. “ಮಗ, ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ. ಹೆತ್ತು ನಂಗೆ ಕೊಟ್ಬಿಡು. ನಾನು ಸಾಕ್ಕೋತೀನಿ. ನಿಂಗೆ ಏನೂ ತಾಪತ್ರಯ ಇಲ್ಲ. ನಾಳೆ ಇನ್ನೊಬ್ಬರ ಮುಂದೆ ನಿನ್ನ ಹೆಸರೂ ಎತ್ತಾಕಿಲ್ಲ” ಎಂದಳು. ಕಾವಲಿನ ಯಜಮಾನಿ ಹಾಗೆ ಸೆರಗು ಒಡ್ಡಿದಂತೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಒಳಗೆ ಹೋಗಿ ಏನಾದರೂ ಹುಡುಕುವ ನೆಪ ಮಾಡೋಣವೆಂದರೆ ಏಣಿಯ ಮೇಲಿದ್ದೆ.

ದೇವೀರಿ ಮಗಳ ಜಡೆಗೆ ಟೇಪು ಕಟ್ಟಿ ಅವಳನ್ನು ಆಡಲು ಕಳಿಸಿದಳು. “ದೊಡ್ಡವ್ವ, ಹೋದ ಸಲ ನನ್ನ ಕಾಲು ಹಿಡ್ಕೊಂಡು ಕುಂತಿದ್ದೋರು ನೀವೇ. ಕಂಬಳಿ ಹಿಂಡಿದೋರೂ ನೀವೇ. ಆಟೋದಲ್ಲಿ ನನ್ನ ಕೆನ್ನೆಗೆ ಹೊಡೆದು ಹೊಡೆದು ಎಬ್ಬಿಸ್ತಿದ್ರಿ. ಈಗ ನೀವೇ ಹೇಳಿ, ಈ ಸಲ ನಾನು ಏಳ್ತೀನಾ?”

ಕೆಂಪಾಜಮ್ಮ ಮತ್ತೆ ಬತ್ತಿ ಹೊಸೆಯತೊಡಗಿದಳು.

“ಏಳ್ತೀನಿ ಅಂತಲೇ ಇಟ್ಕಳಿ. ಆದ್ರೂ ನಂಗೆ ಬ್ಯಾಡ. ಅದುನ್ನ ಹೇಳಿದ್ರೆ ಯಾರೂ ಕೇಳಾಕಿಲ್ಲ, ಅದಕ್ಕೇ ರಕ್ತದ ಮಾತು ಹೇಳ್ತೀನಿ. ಕಾರಣ ಕೊಟ್ರೆ ತಕ್ಕಡೀಲಿ ಹಾಕಿ ತೂಗ್ತಾರೆ. ಇದು ಸಾಲದು, ಇನ್ನೊಂದು ಹಾಕು ಅಂತಾರೆ. ಎಷ್ಟು ಅಂತ ಹಾಕ್ಲಿ?” ಮತ್ತೆ ಹೇಳಿದಳು: “ನಿಮ್ಮ ಬಾಗ್ಲು ತೆರೀಲಿಲ್ಲ ಅಂತ ನಿಮ್ಮ ಮನೆ ಕದ ಕಿತ್ತು ಇಟ್ರಲ್ಲ ದೊಡ್ಡವ್ವ, ಸೀರೆ ಸರಿಸಿ ಸರಿಸಿ ಇಣುಕಿದ್ರಲ್ಲ, ಅವರೇ ಅಲ್ವಾ ಈಗ ಗೋದಾಮಿನಾಗೆ ಕುಂತಿರೋದು? ನೀವು ಅವರ ಕಡೆ ಯಾಕೆ ಕಾವಲು ಕುಂತಿದ್ದೀರಿ?”

ಕೆಂಪಾಜಮ್ಮನ ಮುಖ ಕಪ್ಪಿಟ್ಟಿತು. ಬತ್ತಿಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಎದ್ದು ಜಗಲಿಯ ಆ ತುದಿಗೆ ಹೋಗಿ, ಬೀದಿಗೆ ಮುಖ ಮಾಡಿ ಕೂತಳು. ನಾನು ಕೋಲು ಕೂರಿಸಿ ಇಳಿದು ಬಂದೆ. ದೇವೀರಿ ಹೇಳಿದ್ದು ನಿಜ ಎಂದು ನನಗೆ ಅನ್ನಿಸಿತು. ಅಷ್ಟು ನಿಜವನ್ನು ಆ ಹೆಂಗಸಿನ ಮುಂದೆ ಹೇಳಬಾರದಿತ್ತು ಎಂದೂ ಅನ್ನಿಸಿತು.

ಅದಾದ ಕೆಲವು ದಿನಕ್ಕೆ, ಸಂಜೆ ಅಂಗಡಿ ಗುಡಿಸುತ್ತಿರುವಾಗ ಕೆಂಪಾಜಮ್ಮ ಬಂದಳು. ದಿಮ್ಮಿಯ ಮೇಲೆ ಕೂತು, ಸಿಪ್ಪೆಗಳನ್ನು ಕೈಯಲ್ಲಿ ಆಡಿಸುತ್ತ, “ಆಚಾರಪ್ಪ, ಒಂದು ಬೆಣೆ ಬೇಕಾಗಿತ್ತು” ಎಂದಳು.

“ಯಾತಕ್ಕವ್ವ?”

“ಕೊಡಲಿ ಕಾವು ಸಡಿಲ ಆಗ್ಬುಟ್ಟದೆ.”

ಬೆರಳುದ್ದದ ಚೂರೊಂದನ್ನು ಕೆತ್ತಿ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, ಇಷ್ಟು ಸಾಲದು, ಅಂಗೈಯಗಲ ಬೇಕು, ಗಟ್ಟಿ ಮರದ್ದೇ ಆಗಬೇಕು ಎಂದಳು. ಕೊಡಲಿಗೆ ಇಷ್ಟು ದೊಡ್ಡದೇ ಎಂದರೆ, “ದೊಡ್ಡ ಕೊಡಲಿ” ಎಂದಳು. ಮರಿಯಪ್ಪ ಸೀಳಿದ ಸೌದೆಯನ್ನೇ ಕೊಳ್ಳುವವನು. ಅವರ ಮನೆಯಲ್ಲಿ ಕೊಡಲಿ ಇರಲಿ, ಸರಿಯಾದದೊಂದು ಮಚ್ಚೂ ಇಲ್ಲವೆಂದು ಊರಿಗೆಲ್ಲ ಗೊತ್ತು. ನಾನು ಮುಂದೆ ಕೇಳಲಿಲ್ಲ. ಜಾಲಿಯ ತುಂಡೊಂದನ್ನು ಆರಿಸಿ, ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪಗೆ ಕೆತ್ತಿ ಕೊಟ್ಟೆ. ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಬೆಳಿಗ್ಗೆ ಹಾಲು ಹಾಕುವವಳು ಕೂಗಿಕೊಂಡು ಬಂದಳು. ಕೆಂಪಾಜಮ್ಮನ ಬಾಗಿಲು ನಿಂತಿದೆ!

ಒಂದು ಊರು ಒಂದೇ ಸಲಕ್ಕೆ ಹುಚ್ಚಾಗುವುದನ್ನು ನೋಡಬೇಕಾದರೆ ಅಂದು ನೋಡಬೇಕಿತ್ತು. ಒಲೆಯ ಮೇಲಿನ ಹಾಲು ಒಲೆಯ ಮೇಲೇ ಉಕ್ಕಿತು. ಸ್ಕೂಲಿಗೆ ಹೊರಟ ಮಕ್ಕಳು ಅತ್ತ ಓಡಿದವು. ನಾನು ಸಲಕರಣೆಯ ಚೀಲ ಹಿಡಿದು ಹೋಗುವಷ್ಟರಲ್ಲಿ ಮರಿಯಪ್ಪನ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ನನಗೆ ದಾರಿ ಬಿಟ್ಟರು. ಕೆಂಪಾಜಮ್ಮ ಒಳಗೆ ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ.

ನಾನು ಅಂಚು ಉಜ್ಜಿದೆ. ಕೀಲಿಗೆ ಎಣ್ಣೆ ಬಿಡಲು ಬಗ್ಗಿದೆ. ಕದದ ಬುಡದಲ್ಲಿ ಹಳೆಯ ಗೋಣಿತಾಟಿನ ಕೆಳಗೆ, ಕೀಲಿನ ಸಂದಿಗೆ ಬಡಿದು ಕೂರಿಸಿದ ಜಾಲಿಯ ತುಂಡು ಕಾಣಿಸಿತು. ನನ್ನ ಉಳಿಯ ಗೆರೆ ನನಗೆ ಗೊತ್ತಾಗದೆ ಇರುತ್ತದೆಯೇ. ಬೆನ್ನ ಹಿಂದೆ ಇಡೀ ಊರು ನೆರೆದಿತ್ತು. ಬೋರಲಿಂಗಯ್ಯ, ಮೇಷ್ಟ್ರು, ಚಿಕ್ಕತಾಯಮ್ಮ, ದೇವೀರಿಯ ಜಗಲಿಯ ಮೇಲೆ ಸರದಿಯಲ್ಲಿದ್ದ ಹೆಂಗಸರು ಎಲ್ಲರೂ ಅಲ್ಲೇ ಇದ್ದರು. ಅದನ್ನು ಕಂಡಾಗಲೇ ನನಗೆ ಲೆಕ್ಕ ಹತ್ತಿತು. ಇವರೆಲ್ಲ ಇಲ್ಲಿದ್ದರೆ ಅಲ್ಲಿ ಯಾರಿದ್ದಾರೆ?

ಗೋಣಿತಾಟನ್ನು ಮೊದಲಿನ ಹಾಗೆ ಎಳೆದು ಬಿಟ್ಟೆ. ಎದ್ದು ಕದವನ್ನು ಜೋರಾಗಿ ದೂಡಿದೆ. ಅದು ಜಪ್ಪಯ್ಯ ಅನ್ನಲಿಲ್ಲ. ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡು, “ಮರದ್ದೇನೂ ಇಲ್ಲ ತಾಯಿ” ಎಂದೆ.

ಹೆಂಗಸರು ಒಳಗೆ ನುಗ್ಗಿದರು. ಕೆಂಪಾಜಮ್ಮನ ಹಣೆಗೆ ಕುಂಕುಮ, ಕೆನ್ನೆಗೆ ಅರಿಸಿನ, ತಲೆಗೆ ಹೂವು. ಅವಳನ್ನು ಬಂಜೆ ಎಂದು ತೊಟ್ಟಿಲ ಶಾಸ್ತ್ರದಲ್ಲಿ ಹಿಂದಕ್ಕೆ ಕೂರಿಸುತ್ತಿದ್ದವರೇ ಮಡಿಲಿಗೆ ಅಕ್ಕಿ ಸುರಿದರು. ಒಬ್ಬಳು ಹೊಟ್ಟೆ ಮುಟ್ಟಿ ನೋಡಿದಳು. ಇನ್ನೊಬ್ಬಳು ಕುಂಬಳಕಾಯಿ ತಿನ್ನಬೇಡ ಅಂದಳು, ಮತ್ತೊಬ್ಬಳು ಕುಂಬಳಕಾಯಿಯನ್ನೇ ತಿನ್ನು ಅಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಅದು ನಾಟಕದ ನೀರಾಗಿರಲಿಲ್ಲ. ಮರಿಯಪ್ಪನ ಬೆನ್ನಿಗೆ ಗಂಡಸರು ಗುದ್ದಿದರು. ಅರವತ್ತು ದಾಟಿದ ಆ ಪುಣ್ಯಾತ್ಮ ಮೀಸೆ ತೀಡಿಕೊಂಡ. ಅವನಿಗೆ ಬೆಣೆಯ ವಿಷಯ ಗೊತ್ತಿತ್ತೆಂದು ಪ್ರಮಾಣ ಮಾಡಿ ಹೇಳಬಲ್ಲೆ. ಹಾಗಿದ್ದೂ ಆ ಮೀಸೆ ತೀಡಿದ್ದು ಮಾತ್ರ ಸುಳ್ಳಲ್ಲ.

ಐವತ್ತರ ಬಸುರಿಗೆ ಒಬ್ಬಿಬ್ಬರ ಕಾವಲು ಸಾಲದು, ಎಲ್ಲರೂ ಇಲ್ಲೇ ಇರಿ ಎಂದು ಬೋರಲಿಂಗಯ್ಯನೇ ಅಪ್ಪಣೆ ಕೊಟ್ಟ. ಬೆಲ್ಲ, ಕಾಯಿ ಇಸಿದುಕೊಂಡು ನಾನು ಹಿಂದಿನ ಬೀದಿಯಿಂದ ಬಂದೆ. ದೇವೀರಿಯ ಜಗಲಿ ಖಾಲಿಯಿತ್ತು. ಅವಳು ಹೊಸ್ತಿಲಲ್ಲಿ ನಿಂತು ಬೀದಿಯ ಎರಡೂ ಕಡೆ ನೋಡುತ್ತಿದ್ದಳು, ನಂಬಿಕೆ ಬಾರದವಳ ಹಾಗೆ. ಸಿದ್ದರಾಜು ಆಟೋದ ಪಕ್ಕ ನಿಂತು ಉಗುರು ಕಚ್ಚುತ್ತಿದ್ದ.

“ಗಾಡಿ ತೆಗಿ” ಎಂದಳು.

ಅವನು ಕೆಂಪಾಜಮ್ಮನ ಮನೆಯ ದಿಕ್ಕಿಗೆ ನೋಡಿದ. ತಾಯಿ ಅಲ್ಲಿದ್ದಳು. ಅಲ್ಲಿಂದ ಕೆಮ್ಮಿದರೆ ಇಲ್ಲಿಗೆ ಕೇಳಿಸುವುದಿಲ್ಲ. ಅವನು ಗಾಡಿ ತೆಗೆದ. ದೇವೀರಿ ಒಬ್ಬಳೇ ಹೊಸ್ತಿಲು ದಾಟಿ, ಮಕ್ಕಳಿಗೆ ನಮ್ಮ ಮನೆಗೆ ಹೋಗಿ ಎಂದು ಕೈಸನ್ನೆ ಮಾಡಿ, ಹಿಂದೆ ಹತ್ತಿ ಕೂತಳು. ನನ್ನನ್ನು ಕಂಡು, “ಆಚಾರಣ್ಣ, ನೀವು ನೋಡಿಲ್ಲ” ಎಂದಳು. ಏನನ್ನು ಎಂದೆ. ಅವಳು ಮೊದಲ ಸಲ ನಕ್ಕಳು. ಮಕ್ಕಳು ನಮ್ಮ ಮನೆಯಲ್ಲಿ ಅಂದು ಬೆಲ್ಲ, ಕಾಯಿ ತಿಂದವು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಆಟೋ ತಿರುಗಿ ಬಂತು. ಬೀದಿಯಲ್ಲಿ ಯಾರೂ ಇರಲಿಲ್ಲ. ಸಿದ್ದರಾಜು ಹೆಂಡತಿಯ ತೋಳು ಹಿಡಿದು ಇಳಿಸಿದ. ಅವಳು ನಿಧಾನವಾಗಿ ಒಳಗೆ ಹೋಗಿ, ತಾನೇ ಕದ ಎಳೆದಳು. ಕದ ಚೌಕಟ್ಟಿಗೆ ಕೂತಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಎದುರು ಮನೆಯವರೆಗೂ ಕೇಳಿಸಿತಂತೆ.

ಸುದ್ದಿ ಹರಡಲು ಎಷ್ಟು ಹೊತ್ತು? ಮೊದಲು ಬೈಗುಳ ಎದ್ದಿತು, ಆಮೇಲೆ ಕಾವಲಿನವರು ಯಾರು, ಎಲ್ಲಿದ್ದರು ಎಂಬ ಪ್ರಶ್ನೆ. ಎಲ್ಲರೂ ಒಂದೇ ಕಡೆ ಇದ್ದರಲ್ಲ. ಬೋರಲಿಂಗಯ್ಯ ದಡ್ಡನಲ್ಲ. ನೆಟ್ಟಗೆ ಮರಿಯಪ್ಪನ ಮನೆಗೆ ಬಂದ, ಗೋಣಿತಾಟು ಎತ್ತಿದ, ಕಾಲಿನಿಂದ ಒದ್ದು ಬೆಣೆ ಬಿಡಿಸಿದ. ಅದನ್ನು ಕೈಯಲ್ಲಿ ಎತ್ತಿ ಹಿಡಿದು ನಿಂತ. ಕದ ಸಲೀಸಾಗಿ ಓಲಾಡಿತು.

ಜನರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಯಾರೂ ನಗಲಿಲ್ಲ. ಕೆಂಪಾಜಮ್ಮ ಮಡಿಲಕ್ಕಿಯನ್ನು ಬಿಚ್ಚದೆ, ಬೆಳಿಗ್ಗೆ ಮುಡಿಸಿದ ಬಾಡಿದ ಹೂವಿನಲ್ಲೇ ನಡುಮನೆಯಲ್ಲಿ ನಿಂತಿದ್ದಳು. ಬೋರಲಿಂಗಯ್ಯ ಕೇಳಿದ: “ಇಷ್ಟು ವಯಸ್ಸಾಗಿ ನಾಚಿಕೆ ಆಗ್ಲಿಲ್ವಾ ಕೆಂಪಾಜಿ? ಊರನ್ನೇ ಆಟ ಆಡಿಸ್ದಲ್ಲ. ಹೊಸ್ತಿಲಿಗೆ ಬಂದಿದ್ದ ಜೀವ ತಿರುಗಿ ಹೋಯ್ತು. ಒಂದು ಮಗೀಗೆ ಅಂತ ಮೂವತ್ತು ವರ್ಷ ಅತ್ತೋಳು ನೀನು. ನಿನ್ನ ಕೈಯಾರೆ ಇದು ಆಗ್ಬೇಕಿತ್ತಾ?”

ಆ ಮಾತು ತಾಗಬೇಕಾದ ಕಡೆಗೇ ತಾಗಿತು. ಬೋರಲಿಂಗಯ್ಯನೂ ಸುಳ್ಳು ದುಃಖ ಪಟ್ಟವನಲ್ಲ.

“ಹೌದು, ಅತ್ತಿದ್ದೀನಿ” ಎಂದಳು ಕೆಂಪಾಜಮ್ಮ. “ಇವತ್ತೂ ಅತ್ತೆ. ನಾಳೆಯೂ ಅಳ್ತೀನಿ. ಅದು ನಂದು. ಅದುಕ್ಕೆ ಆ ಹುಡುಗಿ ಯಾಕೆ ಸಾಯ್ಬೇಕು?” ಬೆಣೆಗೆ ಕೈ ಚಾಚಿದಳು. “ಕೊಡಿ ಅದುನ್ನ. ಇದು ನನ್ನ ಮನೆ ಬಾಗ್ಲು. ತೆಗೆಯೋಳೂ ನಾನೇ, ಹಾಕೋಳೂ ನಾನೇ.”

ಅವನು ಕೊಡಲಿಲ್ಲ. ಮರಿಯಪ್ಪ ಮೂಲೆಯಿಂದ ಎದ್ದು ಬಂದು, ಅವನ ಕೈಯಿಂದ ಬೆಣೆಯನ್ನು ಮೆಲ್ಲಗೆ ಬಿಡಿಸಿ ಹೆಂಡತಿಗೆ ಕೊಟ್ಟ. ಆ ಮನುಷ್ಯ ಊರಿನ ನಾಲ್ಕು ಜನರ ಮುಂದೆ ಏನಾದರೂ ಮಾಡಿದ್ದು ಅದೊಂದೇ. ಜನ ಒಬ್ಬೊಬ್ಬರಾಗಿ ಹೊರಗೆ ಬಂದರು. ಎಲ್ಲರೂ ಹೋದ ಮೇಲೆ ಕೆಂಪಾಜಮ್ಮ ಕದ ಹಾಕಿಕೊಂಡಳು.

ಹಿಂದಿನ ಬೀದಿಯಲ್ಲಿ ಚಿಕ್ಕತಾಯಮ್ಮ ಸೊಸೆಯೊಂದಿಗೆ ತುಂಬಾ ದಿನ ಮಾತು ಬಿಟ್ಟಿದ್ದಳು. ಗಂಜಿಯ ಬಟ್ಟಲನ್ನು ಸದ್ದಾಗುವಂತೆ ಕುಕ್ಕಿ ಹೋಗುತ್ತಿದ್ದಳಂತೆ. ಗಂಜಿ ಮಾತ್ರ ಬಿಸಿಯಾಗಿರುತ್ತಿತ್ತು, ಉಪ್ಪೂ ಸರಿಯಾಗಿರುತ್ತಿತ್ತು ಎಂದು ದೇವೀರಿ ನನ್ನ ಹೆಂಡತಿಗೆ ಹೇಳಿದಳು. ಮೇಷ್ಟ್ರು ಇದು ಹಕ್ಕಿಗೆ ಸಂದ ಜಯ ಎಂದು ನನ್ನ ಅಂಗಡಿಯಲ್ಲಿ ಭಾಷಣ ಮಾಡಿದರು. ಬೋರಲಿಂಗಯ್ಯ ಬಹಳ ದಿನ ಈ ಕಡೆ ಬರಲಿಲ್ಲ.

ಕೆಂಪಾಜಮ್ಮ ಒಂದು ದಿನ ಬಂದು ಮತ್ತದೇ ದಿಮ್ಮಿಯ ಮೇಲೆ ಕೂತಳು. ನಾನು ಕಿಟಕಿಯೊಂದನ್ನು ಜೋಡಿಸುತ್ತಿದ್ದೆ. ಅವಳು ತಾನಾಗಿಯೇ ಹೇಳಿದಳು: “ಮೂವತ್ತು ವರ್ಷ ಆ ಬಾಗ್ಲು ತೆರೀಲಿ ಅಂತ ಕಾದೆ ಆಚಾರಪ್ಪ. ಸುಳ್ಳೋ ನಿಜವೋ, ಒಂದು ಹಗಲು ತೆರೀತು. ಮಡಿಲಿಗೆ ಅಕ್ಕಿ ಬಿದ್ದಾಗ ಎಷ್ಟು ಸಂತೋಷ ಆಯ್ತು ಅಂತ ಯಾರ ಮುಂದೆ ಹೇಳ್ಲಿ? ಆಮೇಲೆ ಬರೋರು ಬರ್ತಾನೇ ಇದ್ರು. ಹೊಟ್ಟೆ ಮುಟ್ಟೋರು, ಬಾಯಿಗೆ ತುರುಕೋರು, ಮಲಗು ಅನ್ನೋರು, ಏಳು ಅನ್ನೋರು. ಹೊತ್ತು ಮುಳುಗೋ ಹೊತ್ತಿಗೆ, ಇದು ಒಂದು ಸಲ ಮುಚ್ಚಿದ್ರೆ ಸಾಕು ದೇವರೇ ಅನ್ನಿಸ್ತು. ಆ ದೇವೀರಿ ಎಷ್ಟು ದಿನ ಹಂಗೆ ಕುಂತಿದ್ಲೋ, ನಾನೇ ಅಲ್ವಾ ಎದುರಿಗೆ ಬತ್ತಿ ಹೊಸೀತಾ ಕುಂತಿದ್ದೋಳು.” ಎದ್ದು ಹೋಗುವಾಗ, ಆ ಬೆಣೆ ಒಳ್ಳೆಯ ಮರದ್ದು ಎಂದು ಹೊಗಳಿದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆ ತಿಂಗಳು ಕೊನೆಯಾಗುವ ಮೊದಲೇ ಮೇಷ್ಟ್ರ ಹೆಂಡತಿ ಬಂದರು. ಅವರು ನಮ್ಮ ಅಂಗಡಿಗೆ ಬಂದದ್ದು ಅದೇ ಮೊದಲು. ಮಣೆಯ ಕಾಲು ಅಲ್ಲಾಡುತ್ತದೆ, ಒಂದು ಬೆಣೆ ಬೇಕು ಎಂದರು. ಅಂಗೈಯಗಲದ್ದು. ಮಾರನೆಯ ದಿನ ಹಾಲು ಹಾಕುವವಳು ಬಂದಳು. ಆಮೇಲೆ ಬೋರಲಿಂಗಯ್ಯನ ಸೊಸೆ, ಸೆರಗು ಮುಖಕ್ಕೆ ಎಳೆದುಕೊಂಡು. ಈಗ ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಅರ್ಧಕ್ಕರ್ಧ ಬಾಗಿಲುಗಳು ಒಂದು ಗೇಣು ತೆರೆದೇ ಇರುತ್ತವೆ. ಯಾವುದು ತಾನಾಗಿ ನಿಂತದ್ದು, ಯಾವುದು ನಿಲ್ಲಿಸಿದ್ದು, ಬೀದಿಯಲ್ಲಿ ಹೋಗುವವರಿಗೆ ತಿಳಿಯುವುದಿಲ್ಲ. ಅಷ್ಟು ಜಗಲಿಗಳಲ್ಲಿ ಕೂರುವಷ್ಟು ಹೆಂಗಸರು ಊರಿನಲ್ಲಿ ಇಲ್ಲದ್ದರಿಂದ ಕಾವಲು ತಾನಾಗಿಯೇ ನಿಂತುಹೋಯಿತು. ಬೇಕಾದವರು ಕರೆಯುತ್ತಾರೆ, ಕರೆದವರ ಮನೆಗೆ ಕೆಂಪಾಜಮ್ಮ ಸಾರು ತೆಗೆದುಕೊಂಡು ಹೋಗುತ್ತಾಳೆ. ನನ್ನನ್ನು ಬಾಗಿಲು ನೋಡಲು ಕರೆಯುವವರೂ ಕಡಿಮೆ. ಬೆಲ್ಲ, ಕಾಯಿ ಹೋಯಿತು. ಬೆಣೆಯ ಕೆಲಸ ಬಂತು.

ಮೊನ್ನೆ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆಯ ಬಾಗಿಲೂ ಒಂದು ಗೇಣು ಈಚೆಗೆ ನಿಂತಿತ್ತು. ನನ್ನ ಹೆಂಡತಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು, ಎಂದಿನ ಹಾಗೆ. ಉಜ್ಜುಗೊರಡು ಕೈಯಳತೆಯಲ್ಲೇ ಇತ್ತು. ಬಗ್ಗಿ ಕೀಲಿನ ಸಂದಿಯನ್ನು ನೋಡಿದ್ದರೆ ಒಂದು ಗಳಿಗೆಯಲ್ಲಿ ತಿಳಿಯುತ್ತಿತ್ತು. ನಾನು ಅಡ್ಡಹಲಗೆಯನ್ನು ಇಟ್ಟು ಅಂಗಡಿಗೆ ಹೊರಟೆ. ಹೇಳಬೇಕೆನ್ನಿಸಿದಾಗ ಅವಳೇ ಹೇಳುತ್ತಾಳೆ.